ವಿ-ಕ್ರಾಸ್ ಡ್ರ್ಯಾಗ್‌ಗೆ ಇಳಿಸುತ್ತಿದ್ದೇನೆ: ಟೇಲ್‌ಗೇಟ್ ಮುಚ್ಚಬೇಕಾ, ಇಳಿಸಬೇಕಾ, ಬಿಚ್ಚಿಡಬೇಕಾ?

ವೇಮಗಲ್_ವಿಕ್ರಾಸ್
ಎಲ್ಲರಿಗೂ ನಮಸ್ಕಾರ. ನನ್ನದು ಇಸುಜು ವಿ-ಕ್ರಾಸ್ ಪಿಕಪ್, 1.9 ಲೀಟರ್ ಡೀಸೆಲ್, ಆಟೋಮ್ಯಾಟಿಕ್, 4×2. ಎಂಜಿನ್ ಪೂರ್ತಿ ಸ್ಟಾಕ್, ಕಂಪನಿ ಕೊಟ್ಟ ಹಾಗೇ ಇದೆ. ಮುಂದಿನ ತಿಂಗಳು ಒಂದು ಏರ್‌ಸ್ಟ್ರಿಪ್‌ನಲ್ಲಿ ಅನುಮತಿ ತೆಗೆದುಕೊಂಡು ನಡೆಸುವ ಡ್ರ್ಯಾಗ್ ಮೀಟ್, ಅಂದರೆ ನಿಂತಲ್ಲಿಂದ ನೇರ ಗೆರೆಯಲ್ಲಿ ಓಡಿಸುವ ರೇಸ್, ಇದೆ. ಪಿಕಪ್ ಮತ್ತು ಎಸ್‌ಯುವಿ ಸೇರಿಸಿ ಒಂದು ಕ್ಲಾಸ್ ಇಟ್ಟಿದ್ದಾರೆ. ಕಾಲು ಮೈಲಿ, ಅಂದರೆ 402 ಮೀಟರ್. ಹೆಸರು ಕೊಟ್ಟಾಗಿದೆ.

ಈಗ ತಲೆನೋವು ಶುರುವಾಗಿರುವುದು ಗಾಳಿಯ ವಿಷಯದಲ್ಲಿ. ಒಬ್ಬರು ಟೇಲ್‌ಗೇಟ್ (ಸಾಮಾನು ಹಾಕುವ ಬೆಡ್‌ನ ಹಿಂದಿನ ಬಾಗಿಲು) ಇಳಿಸಿ ಓಡಿಸು, ಗಾಳಿ ಸರಾಗವಾಗಿ ಆಚೆ ಹೋಗುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಟೇಲ್‌ಗೇಟನ್ನೇ ಬಿಚ್ಚಿಡು ಎನ್ನುತ್ತಾರೆ. ಒಂದು ಆಕ್ಸೆಸರಿ ಅಂಗಡಿಯವರು ಬೆಡ್ ಮೇಲೆ ಫೈಬರ್ ಮುಚ್ಚಳ ಹಾಕಿಸಿದರೆ ಒಂದು ಸೆಕೆಂಡ್ ಕಡಿಮೆ ಆಗುತ್ತದೆ, ಗ್ಯಾರಂಟಿ ಎಂದರು. ದುಡ್ಡು ಕೇಳಿದ್ದು ಕಡಿಮೆಯೇನಲ್ಲ. ಯಾರ ಮಾತು ಕೇಳಲಿ?

ಕ್ಯಾತ್ಸಂದ್ರ_ಗ್ಯಾರೇಜ್
ಇದರಲ್ಲಿ ಯೋಚನೆ ಮಾಡುವುದೇನಿದೆ? ಇಳಿಸಿ. ಬೆಡ್ ಹಿಂದೆ ಗೋಡೆ ಥರ ನಿಂತಿರುವ ತಗಡಿಗೆ ಗಾಳಿ ಬಂದು ಬಡಿಯುತ್ತದೆ. ತಗಡು ಇಲ್ಲದಿದ್ದರೆ ಬಡಿಯುವುದಿಲ್ಲ. ವರ್ಷಗಟ್ಟಲೆ ಪಿಕಪ್ ಕೆಲಸ ಮಾಡಿದ್ದೇನೆ, ಖಾಲಿ ಗಾಡಿ ಹೊಡೆಯುವ ಎಷ್ಟೋ ಡ್ರೈವರ್‌ಗಳು ಇಳಿಸಿಯೇ ಓಡಿಸುತ್ತಾರೆ.

ಚಿಂತಾಮಣಿ_4×4
ಅಣ್ಣ, ಒಪ್ಪುವುದಿಲ್ಲ. ನೋಡುವುದಕ್ಕೆ ಹಾಗೆ ಅನಿಸುತ್ತದೆ, ಆದರೆ ಗಾಳಿ ಹಾಗೆ ನಡೆದುಕೊಳ್ಳುವುದಿಲ್ಲ. ಕ್ಯಾಬಿನ್ ಮೇಲಿಂದ ಬಂದ ಗಾಳಿ ನೇರವಾಗಿ ಬೆಡ್ ಒಳಗೆ ಬೀಳುವುದಿಲ್ಲ. ಟೇಲ್‌ಗೇಟ್ ಮುಚ್ಚಿದ್ದರೆ ಬೆಡ್ ಒಳಗೆ ಒಂದು ಸುಳಿ ಹುಟ್ಟಿ ಅಲ್ಲೇ ಸುತ್ತುತ್ತಾ ಕೂರುತ್ತದೆ. ಮೇಲಿನ ಗಾಳಿ ಆ ಸುಳಿಯ ಬೆನ್ನ ಮೇಲೆ ಜಾರಿಕೊಂಡು ಟೇಲ್‌ಗೇಟ್ ದಾಟಿ ಹೋಗುತ್ತದೆ. ಇಳಿಸಿದರೆ ಸುಳಿ ಒಡೆಯುತ್ತದೆ, ಗಾಡಿಯ ಹಿಂದಿನ ಎಳೆತ ಜಾಸ್ತಿ ಆಗುತ್ತದೆ. ವಿಂಡ್ ಟನಲ್‌ನಲ್ಲಿ (ಗಾಳಿ ಊದಿ ಪರೀಕ್ಷೆ ಮಾಡುವ ಸುರಂಗ) ಪಿಕಪ್ ಇಟ್ಟು ನೋಡಿದವರಿಗೆ ಬಹಳ ಸಲ ಸಿಕ್ಕಿರುವುದು ಇದೇ ಉತ್ತರ. ಕಂಪನಿಯವರು ಕೂಡ ಮುಚ್ಚಿದ ಟೇಲ್‌ಗೇಟನ್ನೇ ಲೆಕ್ಕಕ್ಕೆ ಇಟ್ಟುಕೊಂಡು ಕ್ಯಾಬಿನ್ ಮೇಲಿನ ಅಂಚನ್ನೂ ಟೇಲ್‌ಗೇಟ್ ಮೇಲಿನ ಅಂಚನ್ನೂ ತಿದ್ದುತ್ತಾರೆ. ಹೊಸ ಪಿಕಪ್‌ಗಳ ಟೇಲ್‌ಗೇಟ್ ತುದಿಯಲ್ಲಿ ಸಣ್ಣ ತುಟಿ ಇರುತ್ತದೆ, ಗಮನಿಸಿ ನೋಡಿ.

ಕ್ಯಾತ್ಸಂದ್ರ_ಗ್ಯಾರೇಜ್
ಟನಲ್ ಕಥೆ ಯಾರು ನೋಡಿದ್ದಾರೆ? ಸುಳಿ ಇದೆ ಎಂದು ಕಣ್ಣಾರೆ ತೋರಿಸಿ, ಒಪ್ಪುತ್ತೇನೆ.

ಶಿರಾ_ಡೀಸೆಲ್
ತೋರಿಸಬಹುದು, ಟನಲ್ ಬೇಡ. ಉಣ್ಣೆ ದಾರ ಸಾಕು.

ಗೇಣುದ್ದದ ತುಂಡು ಕತ್ತರಿಸಿ ಬೆಡ್ ತಳದಲ್ಲಿ, ಪಕ್ಕದ ಗೋಡೆಗಳ ಒಳಗೆ, ಟೇಲ್‌ಗೇಟ್ ಮೇಲೆ ಟೇಪ್ ಹಾಕಿ ಒಂದು ತುದಿ ಮಾತ್ರ ಅಂಟಿಸಿ. ಕ್ಯಾಬಿನ್ ಹಿಂದಿನ ಗಾಜಿಗೆ ಒಳಗಿನಿಂದ ಫೋನ್ ಕಟ್ಟಿ ವಿಡಿಯೋ ಹಾಕಿ. 60ರ ವೇಗ ಸಾಕು, ಅದಕ್ಕಿಂತ ಬೇಡ. ನಾನು ವಸಂತನರಸಾಪುರದ ಕಡೆ ಭಾನುವಾರ ಖಾಲಿ ರಸ್ತೆಯಲ್ಲಿ ಮಾಡಿದ್ದೇನೆ. ಟೇಲ್‌ಗೇಟ್ ಮುಚ್ಚಿದ್ದಾಗ ಬೆಡ್ ತಳದ ದಾರಗಳು ಹಿಂದಕ್ಕೆ ಅಲ್ಲ, ಮುಂದಕ್ಕೆ, ಕ್ಯಾಬಿನ್ ಕಡೆಗೆ ಮಲಗುತ್ತವೆ. ತಳದಲ್ಲಿ ಗಾಳಿ ಉಲ್ಟಾ ಹರಿಯುತ್ತಿದೆ ಎಂದರ್ಥ. ಟೇಲ್‌ಗೇಟ್ ಒಳಮುಖದ ದಾರಗಳು ಬಡಿದಾಡುವುದೂ ಇಲ್ಲ, ಸುಮ್ನೆ ಸಣ್ಣದಾಗಿ ನಡುಗುತ್ತವೆ. ಮೇಲಿನ ಅಂಚಿನಲ್ಲಿರುವ ದಾರ ಮಾತ್ರ ನೆಟ್ಟಗೆ ಹಿಂದಕ್ಕೆ ಎಳೆದುಕೊಂಡಿರುತ್ತದೆ.

ಟೇಲ್‌ಗೇಟ್ ಇಳಿಸಿ ಅದೇ ರಸ್ತೆಯಲ್ಲಿ ಹೋದರೆ ದಾರಗಳಿಗೆ ದಿಕ್ಕೇ ಇಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ.

ಟೊಮೆಟೊ_ಲೈನ್
ಇದು ನಿಜ. ಖಾಲಿ ಗಾಡಿಯಲ್ಲಿ ವಾಪಸ್ ಬರುವಾಗ ಟೊಮೆಟೊ ಎಲೆ, ಪ್ಲಾಸ್ಟಿಕ್ ಕವರ್ ಎಲ್ಲಾ ಕ್ಯಾಬಿನ್ ಹಿಂದೆಯೇ ಬಂದು ಗುಡ್ಡೆ ಬಿದ್ದಿರುತ್ತವೆ. ಹಿಂದಕ್ಕೆ ಹಾರಿ ಹೋಗಬೇಕಿತ್ತಲ್ಲ ಅಂತ ನಮ್ಮ ಹುಡುಗರು ಕೇಳುತ್ತಿದ್ದರು.

ಕ್ಯಾತ್ಸಂದ್ರ_ಗ್ಯಾರೇಜ್
ಕವರ್ ಮುಂದಕ್ಕೆ ಬರುವುದು ನಾನೂ ನೋಡಿದ್ದೇನೆ. ಸರಿ, ಸುಳಿ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ರೇಸ್‌ನಲ್ಲಿ ಅದರಿಂದ ಎಷ್ಟು ಸಿಗುತ್ತದೆ? ಅದನ್ನು ಯಾರೂ ಹೇಳುತ್ತಿಲ್ಲ.

ಗಾಳಿಲೆಕ್ಕ
ನಾನು ಹೇಳುತ್ತೇನೆ. ತುಮಕೂರಿನಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಇದೇ ವಿಷಯ ತಲೆಯಲ್ಲಿ ಓಡುತ್ತಿತ್ತು. ಸ್ವಲ್ಪ ಉದ್ದ ಆಗುತ್ತದೆ.

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು, ಪವರ್ ಎಂಟರಷ್ಟು. ನಮ್ಮ ಕಡೆಯ ಡಬಲ್ ಕ್ಯಾಬ್ ಪಿಕಪ್‌ಗೆ ಡ್ರ್ಯಾಗ್ ಕೊಎಫಿಶಿಯಂಟ್ (ಗಾಡಿಯ ಆಕಾರ ಗಾಳಿಗೆ ಎಷ್ಟು ಅಡ್ಡ ಬರುತ್ತದೆ ಎಂಬ ಅಂಕಿ) 0.40, ಮುಂಭಾಗದ ಅಳತೆ 2.9 ಚದರ ಮೀಟರ್ ಎಂದು ಇಟ್ಟುಕೊಂಡೆ. ಕೋಲಾರದ ಎತ್ತರದಲ್ಲಿ, 25 ಡಿಗ್ರಿ ಬಿಸಿಯಲ್ಲಿ, ಗಾಳಿಗೆ ಮಾತ್ರ ಕೊಡಬೇಕಾದ ಪವರ್ ಹೀಗೆ ಬರುತ್ತದೆ: 60ರಲ್ಲಿ 4 ಎಚ್‌ಪಿ. 120ರಲ್ಲಿ 31. 150ರಲ್ಲಿ 61. 200ರಲ್ಲಿ 145.

ಈಗ ವಿ-ಕ್ರಾಸ್ ನೋಡಿ. 163 ಎಚ್‌ಪಿ, ಡ್ರೈವರ್ ಸೇರಿ ಎರಡು ಟನ್‌ಗಿಂತ ಸ್ವಲ್ಪ ಜಾಸ್ತಿ. ತೂಕ ಮತ್ತು ಪವರ್ ಇಟ್ಟುಕೊಂಡು ಕಾಲು ಮೈಲಿ ಸಮಯ ಅಂದಾಜು ಮಾಡುವ ಹಳೆಯ ಸೂತ್ರಕ್ಕೆ ಹಾಕಿದರೆ 17.7 ಸೆಕೆಂಡ್ ಬರುತ್ತದೆ. ಗೆರೆ ದಾಟುವಾಗಿನ ವೇಗ 120ರ ಆಸುಪಾಸು. ಅಂದರೆ ಓಟದ ಮೊದಲ ಅರ್ಧ ಸಮಯ 90 ಕೂಡ ಮುಟ್ಟಿರುವುದಿಲ್ಲ. ಆ ವೇಗದಲ್ಲಿ ಗಾಳಿ ಕೇಳುವುದು ಬಹಳ ಕಡಿಮೆ. ಇಡೀ 402 ಮೀಟರ್‌ಗೆ ಗಾಳಿಗೆ ಹೋಗುವ ಶಕ್ತಿ ಕೂಡಿಸಿದರೆ ಒಟ್ಟು ಶಕ್ತಿಯ ಎಂಟನೇ ಒಂದು ಭಾಗದಷ್ಟು. ಉಳಿದದ್ದರಲ್ಲಿ ಬಹುಪಾಲು ಎರಡು ಟನ್ ಕಬ್ಬಿಣವನ್ನು ನಿಂತಲ್ಲಿಂದ ಎಬ್ಬಿಸಿ ಓಡಿಸುವುದಕ್ಕೆ ಹೋಗುತ್ತದೆ.

ಹಾಗಾಗಿ ಗಾಳಿ ತಡೆ 5% ಕಡಿಮೆ ಮಾಡಿದರೆ ಸಿಗುವುದು ಸುಮಾರು 0.03 ಸೆಕೆಂಡ್. ಇನ್ನೂ ಒಂದು ಮಾತು. ಗಾಳಿಯೇ ಇಲ್ಲದ ಜಾಗದಲ್ಲಿ ಓಡಿಸಿದರೂ ಈ ಗಾಡಿಗೆ ಕಡಿಮೆ ಆಗುವುದು ಅರ್ಧ ಸೆಕೆಂಡ್ ಆಸುಪಾಸು ಮಾತ್ರ. ಮುಚ್ಚಳ ಹಾಕಿದರೆ ಒಂದು ಸೆಕೆಂಡ್ ಕಡಿಮೆ ಎಂದು ಗ್ಯಾರಂಟಿ ಕೊಟ್ಟವರಿಗೆ ಈ ಲೆಕ್ಕ ತೋರಿಸಿ.

ವೇಮಗಲ್_ವಿಕ್ರಾಸ್
ಅಬ್ಬಾ. ಅರ್ಧ ಸೆಕೆಂಡೇ ಮೇಲ್ಮಿತಿ ಅಂತಾದರೆ ಮುಚ್ಚಳದ ದುಡ್ಡು ಉಳಿಯಿತು. ಆದರೂ 0.03 ಕೂಡ ಬಿಡುವ ಮನಸ್ಸಿಲ್ಲ. ಡ್ರ್ಯಾಗ್‌ನಲ್ಲಿ ಅಷ್ಟರಲ್ಲೇ ಸೋಲು ಗೆಲುವು ಆಗುತ್ತದಲ್ವಾ?

ಗಾಳಿಲೆಕ್ಕ
ಆಗುತ್ತದೆ. ಆದರೆ ಮುಚ್ಚಳಕ್ಕೂ ತೂಕ ಇದೆ. ಗಟ್ಟಿ ಫೈಬರ್ ಮುಚ್ಚಳ ಎಂದರೆ 30–40 ಕೆ.ಜಿ. ಎಂದು ಇಟ್ಟುಕೊಳ್ಳಿ. ನಿಮ್ಮ ಗಾಡಿಗೆ 35 ಕೆ.ಜಿ. ಸೇರಿದರೆ 0.1 ಸೆಕೆಂಡ್ ಹೋಗುತ್ತದೆ. ಗಾಳಿಯಲ್ಲಿ 0.03 ಗಳಿಸಿ ತೂಕದಲ್ಲಿ 0.1 ಕಳೆದುಕೊಂಡ ಹಾಗೆ. ಮೆತ್ತನೆಯ ವಿನೈಲ್ ಕವರ್ ಆದರೆ ಪರವಾಗಿಲ್ಲ, ಬಿಗಿಯಾಗಿರಬೇಕು ಅಷ್ಟೇ. ಮಧ್ಯದಲ್ಲಿ ಉಬ್ಬಿ ಪಟಪಟ ಬಡಿದರೆ ಇದ್ದೂ ಉಪಯೋಗ ಇಲ್ಲ.

ಪುಕ್ಕಟೆ ಸಿಗುವುದು ಬೇರೆ ಕಡೆ ಇದೆ. ವಿ-ಕ್ರಾಸ್ ಟ್ಯಾಂಕ್ 76 ಲೀಟರ್. ತುಂಬಿದ್ದರೆ ಡೀಸೆಲ್ ತೂಕವೇ 63 ಕೆ.ಜಿ. ಕಾಲು ಟ್ಯಾಂಕ್ ಇಟ್ಟುಕೊಂಡು ಹೋದರೆ 45 ಕೆ.ಜಿ.ಗೂ ಜಾಸ್ತಿ ಇಳಿಯುತ್ತದೆ, 0.13 ಸೆಕೆಂಡ್ ಕೈಗೆ ಬರುತ್ತದೆ. ಸ್ಟೆಪ್ನಿ ಬಿಚ್ಚಿಟ್ಟರೆ ಇನ್ನೊಂದು 0.08.

ಚಿಂತಾಮಣಿ_4×4
ಸ್ಟೆಪ್ನಿ ವಿಷಯದಲ್ಲಿ ಸ್ವಲ್ಪ ನಿಲ್ಲಿ. ಇವರದು 4×2, ಓಡುವುದು ಹಿಂದಿನ ಚಕ್ರ. ಪಿಕಪ್ ಖಾಲಿ ಇದ್ದರೆ ಹಿಂಭಾಗ ಮೊದಲೇ ಹಗುರ. ಸ್ಟೆಪ್ನಿ ನೇತಾಡುವುದು ಹಿಂದಿನ ಆಕ್ಸಲ್‌ನ ಆಚೆ. ಅದನ್ನೂ ತೆಗೆದರೆ ಚಕ್ರಕ್ಕೆ ಹಿಡಿತ ಎಲ್ಲಿಂದ ಬರುತ್ತದೆ? ಬ್ರೇಕ್ ಹಿಡಿದು ಆಕ್ಸಿಲರೇಟರ್ ಒತ್ತಿ ಬಿಟ್ಟರೆ 360 ನ್ಯೂಟನ್ ಮೀಟರ್ ಟಾರ್ಕ್ ಒಂದೇ ಸಲ ಬರುತ್ತದೆ. ಅಲ್ಲೇ ಚಕ್ರ ಸುತ್ತಿಕೊಂಡು ನಿಂತರೆ ನೀವು ಉಳಿಸಿದ 0.08 ಹೋಗಿ ಅರ್ಧ ಸೆಕೆಂಡ್ ಹೊಗೆಯಲ್ಲಿ ಹೋಗುತ್ತದೆ.

ಗಾಳಿಲೆಕ್ಕ
ಸರಿಯಾದ ಪಾಯಿಂಟ್. ಇದೇ ಟೇಲ್‌ಗೇಟ್‌ಗೂ ಹೊಂದುತ್ತದೆ. ಟೇಲ್‌ಗೇಟ್ 25 ಕೆ.ಜಿ. ಅಂದುಕೊಳ್ಳಿ. ಆಕ್ಸಲ್‌ನಿಂದ ಅದು 1.2 ಮೀಟರ್ ಹಿಂದೆ ಇದೆ, ಗಾಡಿಯ ವೀಲ್‌ಬೇಸ್, ಅಂದರೆ ಎರಡು ಆಕ್ಸಲ್ ನಡುವಿನ ದೂರ, 3.1 ಮೀಟರ್. ಬಿಚ್ಚಿದರೆ ಹಿಂದಿನ ಆಕ್ಸಲ್ ಮೇಲೆ 25 ಅಲ್ಲ, ಸುಮಾರು 35 ಕೆ.ಜಿ. ಭಾರ ಇಳಿಯುತ್ತದೆ. ಮುಂದಿನ ಆಕ್ಸಲ್‌ಗೆ 10 ಕೆ.ಜಿ. ಏರುತ್ತದೆ. ಮುಂಭಾಗ ಭಾರ ಆಗುವುದು ರಿಯರ್ ವೀಲ್ ಡ್ರೈವ್ ಗಾಡಿಗೆ ಬೇಡವೇ ಬೇಡ.

ಶಿರಾ_ಡೀಸೆಲ್
ಹಾಗಾದರೆ ಪ್ರಶ್ನೆಗೆ ಉತ್ತರ ಮೂರು ಥರ ಆಗುತ್ತದೆ. ಇಳಿಸಿ ಬಿಡುವುದು ಎಲ್ಲದಕ್ಕಿಂತ ಕೆಟ್ಟದ್ದು, ಯಾಕೆಂದರೆ ತೂಕ ಅಷ್ಟೇ ಇರುತ್ತದೆ, ಗಾಳಿ ತಡೆ ಮಾತ್ರ ಏರುತ್ತದೆ. ಪೂರ್ತಿ ಬಿಚ್ಚಿದರೆ ತೂಕದಲ್ಲಿ 0.07 ಸಿಗುತ್ತದೆ, ಗಾಳಿಯಲ್ಲಿ 0.03 ಹೋಗುತ್ತದೆ. ಹಿಡಿತ ಚೆನ್ನಾಗಿದ್ದರೆ ಸ್ವಲ್ಪ ಲಾಭ. ಹಿಡಿತ ಇಲ್ಲದಿದ್ದರೆ ಮುಚ್ಚಿಟ್ಟುಕೊಂಡು ಹೋಗುವುದೇ ಸರಿ.

ಕ್ಯಾತ್ಸಂದ್ರ_ಗ್ಯಾರೇಜ್
ಬಿಚ್ಚುವ ಮೊದಲು ರೂಲ್ ಬುಕ್ ನೋಡಿ. ಸ್ಟಾಕ್ ಕ್ಲಾಸ್‌ನಲ್ಲಿ ಬಾಡಿ ಪಾರ್ಟ್ ಒಂದು ಕಡಿಮೆ ಇದ್ದರೂ ಸ್ಕ್ರೂಟಿನಿಯಲ್ಲಿ ವಾಪಸ್ ಕಳಿಸುತ್ತಾರೆ. ಸ್ಟೆಪ್ನಿ, ಬೆಡ್ ಒಳಗಿನ ಸಾಮಾನು ತೆಗೆಯಲು ಸಾಮಾನ್ಯವಾಗಿ ಬಿಡುತ್ತಾರೆ.

ಮುಳಬಾಗಿಲು_ಮೈಲೇಜ್
ಇಷ್ಟೆಲ್ಲಾ ಲೆಕ್ಕ ಯಾಕೆ? ಹೊಸಕೋಟೆಯಿಂದ ಬೇತಮಂಗಲದ ಕಡೆ ಎಕ್ಸ್‌ಪ್ರೆಸ್‌ವೇ ಬಿಟ್ಟಿದ್ದಾರಲ್ಲ, ಬೆಳಗಿನ ಜಾವ ಖಾಲಿ ಇರುತ್ತದೆ. ಹೋಗಿ ಎರಡೂ ಥರ ಓಡಿಸಿ ನೋಡಿದರೆ ಮುಗಿಯಿತು.

ನಿರ್ವಾಹಕ
ಇದನ್ನು ಇಲ್ಲಿ ಬರೆಯಬೇಡಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್, ವೇಗದ ಪರೀಕ್ಷೆ ಎರಡೂ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ, 10,000ದವರೆಗೆ.

ಟೊಮೆಟೊ_ಲೈನ್
ಜೈಲು ಬಿಡಿ. ಬೆಳಗಿನ ಜಾವ ಆ ರಸ್ತೆ ಖಾಲಿ ಎಂದು ಯಾರು ಹೇಳಿದ್ದು? ನಾವು ರಾತ್ರಿ ಎಲ್ಲಾ ಓಡಿಸಿ ಬರುವ ಹೊತ್ತೇ ಅದು. ಕಣ್ಣಲ್ಲಿ ನಿದ್ದೆ ಇರುತ್ತದೆ. ಹಿಂದಿನಿಂದ 140ರಲ್ಲಿ ಎರಡು ಗಾಡಿ ಅಕ್ಕಪಕ್ಕ ಬಂದರೆ ನಮ್ಮ ಹುಡುಗ ಯಾವ ಕಡೆ ಸರಿಯಬೇಕು? ದಯವಿಟ್ಟು ಬೇಡ.

ಗೌರಿಬಿದನೂರು_ಗೇರ್
ಟೊಮೆಟೊ ಅಣ್ಣನ ಮಾತಿಗೆ ನನ್ನದೂ ಒಂದು. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆ ಹೈವೇಯಲ್ಲಿ ವಾರಾಂತ್ಯ ಬೈಕ್‌ಗಳ ಕಾಟ ನೋಡಿ ನೋಡಿ ಸಾಕಾಗಿದೆ. ಓಡಿಸುವ ಆಸೆ ಇದ್ದರೆ ಏರ್‌ಸ್ಟ್ರಿಪ್ ಇದೆ. ಚೆನ್ನೈ ಪಕ್ಕ ಇರುಂಗಾಟುಕೋಟೈ ಇದೆ, ಬೈಕ್‌ಗಳ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ನಡೆದಿರುವ ಜಾಗ. ಇಂದೋರ್ ಹತ್ತಿರ ನ್ಯಾಟ್ರ್ಯಾಕ್ಸ್ ಇದೆ, 11.3 ಕಿ.ಮೀ. ಹೈಸ್ಪೀಡ್ ಟ್ರ್ಯಾಕ್.

ಮುಳಬಾಗಿಲು_ಮೈಲೇಜ್
ಸರಿ ಸರಿ, ಬಿಟ್ಟೆ. ಟೊಮೆಟೊ ಅಣ್ಣ, ನಿಮ್ಮ ಗಾಡಿ ಯಾವುದು? ಚೆನ್ನೈ ಲೈನ್‌ನಲ್ಲಿ ಮೈಲೇಜ್ ಎಷ್ಟು ಬರುತ್ತದೆ?

ಟೊಮೆಟೊ_ಲೈನ್
ಬೊಲೆರೊ ಪಿಕಪ್, 1.7 ಟನ್. ಕೋಲಾರ ಎಪಿಎಂಸಿಯಿಂದ 15 ಕೆ.ಜಿ. ಬಾಕ್ಸ್ ತುಂಬಿಕೊಂಡು ನಂಗಲಿ ದಾಟಿ ಚಿತ್ತೂರು ಮೇಲೆ ಹೋಗುತ್ತೇವೆ. ಸ್ಪೀಡ್ ಗವರ್ನರ್ ಇರುವುದರಿಂದ 80ರ ಮೇಲೆ ಹೋಗುವುದೇ ಇಲ್ಲ. ಮೈಲೇಜ್ ಒಂದೊಂದು ಟ್ರಿಪ್‌ಗೆ ಒಂದೊಂದು ಥರ. ಟಾರ್ಪಲ್ ಕಟ್ಟಿದ ರೀತಿಯ ಮೇಲೆ ವ್ಯತ್ಯಾಸ ಬರುತ್ತದೆ ಅಂತ ನನಗೆ ಯಾವಾಗಲೂ ಅನುಮಾನ. ವಿಷಯಕ್ಕೆ ಹೊರತಾದರೂ ಕೇಳುತ್ತೇನೆ, ಇದು ನಿಜವಾ? ಗಾಳಿ ಲೆಕ್ಕ ನಮಗೂ ಮಾಡಿಕೊಡಿ.

ಗಾಳಿಲೆಕ್ಕ
ಇದು ಹೊರತಲ್ಲ ಅಣ್ಣ. ಲೆಕ್ಕ ನೋಡಿದರೆ ಡ್ರ್ಯಾಗ್ ಓಡಿಸುವವರಿಗಿಂತ ನಿಮಗೇ ಗಾಳಿಯ ವಿಷಯ ಜಾಸ್ತಿ ಮುಖ್ಯ.

ಬಾಕ್ಸ್ ಕ್ಯಾಬಿನ್‌ಗಿಂತ ಮೇಲೆ ಎದ್ದಿದ್ದರೆ ಮುಂಭಾಗದ ಅಳತೆ 4 ಚದರ ಮೀಟರ್ ಆಗುತ್ತದೆ. ಚೌಕಟ್ಟಾದ ಲೋಡ್, ಬಡಿಯುವ ಟಾರ್ಪಲ್ ಇದ್ದರೆ ಕೊಎಫಿಶಿಯಂಟ್ 0.6 ಹಿಡಿಯಬಹುದು. 80ರಲ್ಲಿ ಗಾಳಿಗೇ ಸುಮಾರು 20 ಎಚ್‌ಪಿ ಹೋಗುತ್ತದೆ. ಅದೇ ವೇಗದಲ್ಲಿ ಟೈರ್ ಉರುಳುವ ತಡೆಗಿಂತ ಇದು ಜಾಸ್ತಿ. ನಮ್ಮ ರೇಸ್ ಗಾಡಿ ಆ ಗಾಳಿಯನ್ನು ಎದುರಿಸುವುದು 18 ಸೆಕೆಂಡ್. ನೀವು ರಾತ್ರಿ ಇಡೀ ಎದುರಿಸುತ್ತೀರಿ, ಪ್ರತಿ ಕಿಲೋಮೀಟರ್‌ಗೂ ಡೀಸೆಲ್ ಕೊಡುತ್ತೀರಿ.

ಟಾರ್ಪಲ್ ಬಿಗಿಯಾಗಿ ಕಟ್ಟಿಸಿ, ಮುಂದಿನ ಅಂಚು ಜೋಲು ಬೀಳದ ಹಾಗೆ ಅಡ್ಡ ಹಗ್ಗ ಹಾಕಿಸಿ. ಕ್ಯಾಬಿನ್‌ಗೂ ಮೊದಲ ಸಾಲಿನ ಬಾಕ್ಸ್‌ಗೂ ನಡುವೆ ಸಂದು ಬಿಡಬೇಡಿ. ಸಾಧ್ಯವಾದರೆ ಮುಂದಿನ ಸಾಲನ್ನು ಒಂದು ಬಾಕ್ಸ್ ತಗ್ಗಿಸಿ ಹಿಂದಿನ ಸಾಲು ಎತ್ತರ ಮಾಡಿ.

ಕ್ಯಾತ್ಸಂದ್ರ_ಗ್ಯಾರೇಜ್
ಲೋಡ್ ಜೋಡಿಸುವ ಹಮಾಲಿಗಳನ್ನು ಕೇಳಿ ನೋಡಿ, ಹಳಬರು ಮುಂದೆ ತಗ್ಗು ಹಿಂದೆ ಎತ್ತರ ಇಟ್ಟೇ ಕಟ್ಟುತ್ತಾರೆ. ಆದರೆ ಎತ್ತರ ಪೂರ್ತಿ ಹಿಂದಿನ ಆಕ್ಸಲ್ ಆಚೆ ಹೋಗಬಾರದು, ಸ್ಟೀರಿಂಗ್ ಹಗುರ ಆಗುತ್ತದೆ. ಕ್ಯಾಬಿನ್ ಮೇಲೆ ಹಾಕುವ ಡಿಫ್ಲೆಕ್ಟರ್ ತಗಡು ಲೋಡ್ ಎತ್ತರಕ್ಕೆ ಸರಿಯಾಗಿದ್ದರೆ ಒಳ್ಳೆಯದು. ಖಾಲಿ ಬರುವಾಗ ಅದೇ ತಗಡು ಸುಮ್ನೆ ಗಾಳಿ ಹಿಡಿಯುತ್ತದೆ, ಮಡಚುವ ಹಾಗೆ ಮಾಡಿಸಿಕೊಳ್ಳಿ.

ಟೊಮೆಟೊ_ಲೈನ್
ಮಡಚುವ ತಗಡು ಒಳ್ಳೆಯ ಐಡಿಯಾ. ಮಾಡಿಸುತ್ತೇನೆ. ಥ್ಯಾಂಕ್ಸ್.

ಗೌರಿಬಿದನೂರು_ಗೇರ್
ಮತ್ತೆ ರೇಸ್‌ಗೆ ಬರೋಣ. ಗಾಳಿಯಿಂದ ಏನೂ ಆಗುವುದಿಲ್ಲ ಎಂಬ ಹಾಗೆ ಮಾತಾಡುತ್ತಿದ್ದೀರಿ, ಅದು ನಮ್ಮ 120ರ ವೇಗಕ್ಕೆ ಮಾತ್ರ ನಿಜ. ಅಮೆರಿಕದಲ್ಲಿ ಡ್ರ್ಯಾಗ್ ರೇಸ್ ನಡೆಸುವ ಸಂಸ್ಥೆ ಎನ್‌ಎಚ್‌ಆರ್‌ಎ 1998ರಿಂದ 2001ರವರೆಗೆ ಪ್ರೋ ಸ್ಟಾಕ್ ಟ್ರಕ್ ಎಂಬ ಕ್ಲಾಸ್ ನಡೆಸಿತ್ತು. ಎಸ್-10, ರೇಂಜರ್, ಡಕೋಟಾ ಥರದ ಸಣ್ಣ ಪಿಕಪ್‌ಗಳು ಕಾಲು ಮೈಲಿಯಲ್ಲಿ ಗಂಟೆಗೆ 280 ಕಿ.ಮೀ. ದಾಟುತ್ತಿದ್ದವು. ಆ ವೇಗದಲ್ಲಿ ತೆರೆದ ಬೆಡ್ ಎಂದರೆ ದೊಡ್ಡ ತಡೆ, ಜೊತೆಗೆ ಹಿಂಭಾಗ ಮೇಲೇಳುವ ಅಪಾಯ. ಅಲ್ಲಿನದೇ ಇನ್ನೊಂದು ರೇಸ್ ಸಂಸ್ಥೆ ನಾಸ್ಕಾರ್‌ನ ಟ್ರಕ್ ಸರಣಿ 1995ರಲ್ಲಿ ಶುರುವಾಯಿತು. ಅಲ್ಲಿ ಬೆಡ್ ಮುಚ್ಚಿಯೇ ಓಡಿಸುತ್ತಾರೆ.

ಗಾಳಿಲೆಕ್ಕ
ಹೌದು. 120ರಿಂದ 280ಕ್ಕೆ ಹೋದರೆ ತಡೆ ಐದು ಪಟ್ಟಿಗೂ ಜಾಸ್ತಿ, ಪವರ್ ಹನ್ನೆರಡು ಪಟ್ಟಿಗೂ ಜಾಸ್ತಿ. ಅಲ್ಲಿ ಮುಚ್ಚಳದ 35 ಕೆ.ಜಿ.ಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಮುಳಬಾಗಿಲು_ಮೈಲೇಜ್
ಟೆಸ್ಲಾದ ಪಿಕಪ್ ಸೈಬರ್‌ಟ್ರಕ್ ಒಂದು ಪೋರ್ಷೆ 911 ಕಾರನ್ನು ಹಿಂದೆ ಕಟ್ಟಿ ಎಳೆದುಕೊಂಡು ಇನ್ನೊಂದು 911 ಅನ್ನು ಕಾಲು ಮೈಲಿಯಲ್ಲಿ ಸೋಲಿಸಿತಲ್ಲ? ಅದಕ್ಕೆ ಏರೋ, ಅಂದರೆ ಗಾಳಿ ಸೀಳುವ ಆಕಾರ, ಕಾರಣ ಅಲ್ವಾ?

ಚಿಂತಾಮಣಿ_4×4
ಅದು ಕಾಲು ಮೈಲಿ ಅಲ್ಲ. 2023ರ ನವೆಂಬರ್‌ನಲ್ಲಿ ವೇದಿಕೆಯ ಮೇಲೆ ಕಾಲು ಮೈಲಿ ಎಂದು ತೋರಿಸಿದರು. ಆಮೇಲೆ ಟ್ರ್ಯಾಕ್ ಗುರುತು ನೋಡಿದವರಿಗೆ ಅದು ಎಂಟನೇ ಒಂದು ಮೈಲಿ, 201 ಮೀಟರ್, ಎಂದು ಗೊತ್ತಾಯಿತು. ಮೊದಲ 201 ಮೀಟರ್ ಎಂದರೆ ಟಾರ್ಕ್ ಮತ್ತು ಹಿಡಿತದ ಆಟ. ಟ್ರೇಲರ್ ಎಳೆದುಕೊಂಡು ಹೋಗುವಾಗ ಗಾಳಿ ನಿಜವಾಗಿ ಕಚ್ಚುವುದು ಅದರ ಆಚೆಯ 201ರಲ್ಲಿ. ಅದನ್ನೇ ಕತ್ತರಿಸಿದ್ದಾರೆ.

ಶಿರಾ_ಡೀಸೆಲ್
ದೂರ ಎಲ್ಲಾ ಕಡೆ ಒಂದೇ ಅಲ್ಲ ಎಂಬುದು ನೆನಪಿರಲಿ. ಡ್ರ್ಯಾಗ್‌ನ ಅತಿ ವೇಗದ ಕ್ಲಾಸ್ ಟಾಪ್ ಫ್ಯುಯೆಲ್‌ನ ಗಾಡಿಗಳು 2008ರಿಂದ ಕಾಲು ಮೈಲಿ ಅಲ್ಲ, 1,000 ಅಡಿ ಮಾತ್ರ ಓಡುತ್ತವೆ. ಆ ವರ್ಷ ಡ್ರ್ಯಾಗ್ ರೇಸರ್ ಸ್ಕಾಟ್ ಕಲಿಟ್ಟಾ ಸತ್ತ ಅಪಘಾತದ ನಂತರ ಕಡಿಮೆ ಮಾಡಿದ್ದು. ವೇಮಗಲ್ ಅವರೇ, ನಿಮ್ಮ ಮೀಟ್‌ನಲ್ಲಿ ಗೆರೆಯ ಆಚೆ ಬ್ರೇಕ್ ಹಿಡಿಯಲು ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ಮೊದಲು ಕೇಳಿ. ಎರಡು ಟನ್ ಗಾಡಿ ಅದು.

ವೇಮಗಲ್_ವಿಕ್ರಾಸ್
ಕೇಳಿದ್ದೇನೆ, ರನ್‌ವೇ ಉದ್ದಕ್ಕೂ ಜಾಗ ಇದೆ. ಇನ್ನೊಂದು ಐಡಿಯಾ ಬಂತು. ಕ್ಯಾಬಿನ್ ತುದಿಯಿಂದ ಟೇಲ್‌ಗೇಟ್ ಮೇಲಿನವರೆಗೆ ಇಳಿಜಾರಾಗಿ ತೆಳು ಹಲಗೆ ಹಾಕಿದರೆ? ನೆಟ್‌ನಲ್ಲಿ ಕೆಲವರು ಹಾಗೆ ಮಾಡಿಕೊಂಡಿದ್ದು ನೋಡಿದೆ.

ಗಾಳಿಲೆಕ್ಕ
ದೂರ ಓಡಿಸುವವರಿಗೆ ಅದು ನಿಜವಾಗಿ ಕೆಲಸ ಮಾಡುವ ಆಕಾರ. ಆದರೆ ಡಬಲ್ ಕ್ಯಾಬ್‌ನಲ್ಲಿ ಒಂದು ತೊಂದರೆ ಇದೆ. ಬೆಡ್ ಉದ್ದ ಒಂದೂವರೆ ಮೀಟರ್, ಕ್ಯಾಬಿನ್ ಟೇಲ್‌ಗೇಟ್‌ಗಿಂತ ಅರ್ಧ ಮೀಟರ್ ಮೇಲಿದೆ. ನೇರ ಇಳಿಜಾರು ಹಾಕಿದರೆ ಕೋನ 18 ಡಿಗ್ರಿ ದಾಟುತ್ತದೆ. 1984ರಲ್ಲಿ ಅಹ್ಮದ್ ಮತ್ತು ಜೊತೆಗಾರರು ಒಂದು ಸರಳ ಮಾದರಿ ಇಟ್ಟು ಹಿಂದಿನ ಇಳಿಜಾರಿನ ಕೋನ ಬದಲಿಸುತ್ತಾ ತಡೆ ಅಳೆದರು. 12 ಡಿಗ್ರಿ ಆಸುಪಾಸಿನಲ್ಲಿ ತಡೆ ಅತಿ ಕಡಿಮೆ. ಅಲ್ಲಿಂದ 30 ಡಿಗ್ರಿವರೆಗೆ ಏರುತ್ತಲೇ ಹೋಗುತ್ತದೆ, ಯಾಕೆಂದರೆ ಎರಡೂ ಪಕ್ಕದಲ್ಲಿ ಬಲವಾದ ಸುಳಿ ಹುಟ್ಟಿ ಹಿಂದಕ್ಕೆ ಎಳೆಯುತ್ತವೆ, ಹಿಂಭಾಗವನ್ನು ಮೇಲಕ್ಕೂ ಎತ್ತುತ್ತವೆ. ಹಾಗಾಗಿ ಹಲಗೆ ಟೇಲ್‌ಗೇಟ್ ಮಟ್ಟಕ್ಕೆ ಇಳಿಯಬಾರದು, ಅದಕ್ಕಿಂತ ಗೇಣು ಎತ್ತರದಲ್ಲಿ ನಿಲ್ಲಬೇಕು. ಅಷ್ಟು ಕಟ್ಟುವುದಕ್ಕೆ ಚೌಕಟ್ಟು ಬೇಕು, ತೂಕ ಬರುತ್ತದೆ. ನಿಮ್ಮ 402 ಮೀಟರ್‌ಗೆ ನಷ್ಟವೇ.

ಕ್ಯಾತ್ಸಂದ್ರ_ಗ್ಯಾರೇಜ್
ಅದನ್ನು ಹಾಕಿಕೊಂಡು ರಸ್ತೆಗೆ ಬಂದರೆ ಆರ್‌ಟಿಒ ಕೂಡ ಬಿಡುವುದಿಲ್ಲ. ಬಾಡಿ ಆಕಾರ ಬದಲಿಸಿದ ಹಾಗೆ ಆಗುತ್ತದೆ. ಅದರ ಬದಲು ಗಾಡಿಯ ಮೇಲೆ ಮೊದಲೇ ಏನೇನು ಹಾಕಿಸಿದ್ದೀರಿ ನೋಡಿ. ರೂಫ್ ಕ್ಯಾರಿಯರ್, ಲೈಟ್ ಬಾರ್, ಬುಲ್ ಬಾರ್, ಬೆಡ್ ಮೇಲಿನ ರೋಲ್ ಬಾರ್. ಇವೆಲ್ಲಾ ತೂಕವೂ ಹೌದು, ಗಾಳಿಗೆ ಅಡ್ಡವೂ ಹೌದು. ಬಿಚ್ಚಿದರೆ ಎರಡೂ ಕಡೆ ಲಾಭ. ಅಗಲದ ದೊಡ್ಡ ಟೈರ್ ಹಾಕಿಸಿದ್ದರೆ ಕಂಪನಿ ಟೈರ್‌ಗೆ ವಾಪಸ್ ಬನ್ನಿ. ದೊಡ್ಡ ಟೈರ್ ಎಂದರೆ ಗೇರ್ ಉದ್ದ ಆಗುತ್ತದೆ, ಲಾಂಚ್, ಅಂದರೆ ಗೆರೆಯಿಂದ ಹೊರಡುವ ಜೋರು, ಸತ್ತು ಹೋಗುತ್ತದೆ.

ವೇಮಗಲ್_ವಿಕ್ರಾಸ್
ಲೈಟ್ ಬಾರ್, ರೂಫ್ ಕ್ಯಾರಿಯರ್ ಎರಡೂ ಇದೆ. ಬಿಚ್ಚುತ್ತೇನೆ. ಟೈರ್ ಕಂಪನಿಯದೇ.

ಮುಳಬಾಗಿಲು_ಮೈಲೇಜ್
ನಮ್ಮ ಕಡೆ ಎತ್ತರ ಜಾಸ್ತಿ, ಗಾಳಿ ತೆಳು. ಅದರಿಂದ ಲಾಭ ಇದೆಯಾ?

ಗಾಳಿಲೆಕ್ಕ
ಇದೆ, ಡೀಸೆಲ್ ಟರ್ಬೊ ಆದ್ದರಿಂದ. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಮೂರೂ ಸಮುದ್ರ ಮಟ್ಟದಿಂದ 800–900 ಮೀಟರ್ ಮೇಲಿವೆ. ಚೆನ್ನೈಗೆ ಹೋಲಿಸಿದರೆ ಅದೇ ಬಿಸಿಯಲ್ಲಿ ಗಾಳಿಯ ಸಾಂದ್ರತೆ ಸುಮಾರು 9% ಕಡಿಮೆ, ತಡೆಯೂ ಅಷ್ಟೇ ಕಡಿಮೆ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿಗೆ ಪವರ್ ಕೂಡ ಅಷ್ಟೇ ಇಳಿಯುತ್ತದೆ, ಹಾಗಾಗಿ ಒಟ್ಟಿನಲ್ಲಿ ನಷ್ಟ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬಿಕೊಡುತ್ತದೆ.

ಆದರೆ ಎದುರು ಗಾಳಿಯನ್ನು ಮರೆಯಬೇಡಿ. ಗೆರೆಯ ಹತ್ತಿರ 120ರಲ್ಲಿರುವಾಗ 15 ಕಿ.ಮೀ. ವೇಗದ ಎದುರು ಗಾಳಿ ಬಂದರೆ ತಡೆ 27% ಏರುತ್ತದೆ. ಟೇಲ್‌ಗೇಟ್ ಜಗಳ ಪೂರ್ತಿ ಸೇರಿಸಿದರೂ ಅಷ್ಟು ಆಗುವುದಿಲ್ಲ. ಆಷಾಢದ ಗಾಳಿಯಲ್ಲಿ ಬಯಲಿನ ರನ್‌ವೇ ಹೇಗಿರುತ್ತದೆ ಎಂದು ನಿಮಗೇ ಗೊತ್ತು. ಸ್ಲಾಟ್ ಆರಿಸಿಕೊಳ್ಳಲು ಬಿಟ್ಟರೆ ಬೆಳಗ್ಗೆ ಬೇಗ ಓಡಿಸಿ.

ಚಿಂತಾಮಣಿ_4×4
ಆ ಕ್ಲಾಸ್‌ನಲ್ಲಿ ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ಬಂದೇ ಬರುತ್ತದೆ. 204 ಎಚ್‌ಪಿ, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್, ನಾಲ್ಕೂ ಚಕ್ರಕ್ಕೆ ಡ್ರೈವ್. ತೂಕ ಜಾಸ್ತಿ ಇದ್ದರೂ ಅದೇ ಸೂತ್ರದಲ್ಲಿ 17ರ ಒಳಗೆ ಬರುತ್ತದೆ. ಅದನ್ನು ಗಾಳಿಯಲ್ಲಿ ಸೋಲಿಸಲು ಆಗುವುದಿಲ್ಲ. ನಿಮ್ಮ ಪೈಪೋಟಿ ಇನ್ನೊಂದು ವಿ-ಕ್ರಾಸ್ ಜೊತೆ. ಅಲ್ಲಿ ಮೊದಲ 60 ಅಡಿ ಗೆದ್ದವನೇ ಗೆಲ್ಲುವುದು.

ವೇಮಗಲ್_ವಿಕ್ರಾಸ್
ಹಾಗಾದರೆ ನನ್ನ ಪ್ಲಾನ್ ಇದು. ಟೇಲ್‌ಗೇಟ್ ಮುಚ್ಚಿಯೇ ಇಡುತ್ತೇನೆ. ಫೈಬರ್ ಮುಚ್ಚಳ ಇಲ್ಲ. ಕಾಲು ಟ್ಯಾಂಕ್ ಡೀಸೆಲ್. ಕ್ಯಾರಿಯರ್, ಲೈಟ್ ಬಾರ್ ಆಚೆ. ಸ್ಟೆಪ್ನಿಯನ್ನು ಮೊದಲ ಓಟಕ್ಕೆ ಇಟ್ಟುಕೊಂಡು, ಚಕ್ರ ಸುತ್ತದಿದ್ದರೆ ಎರಡನೆಯದಕ್ಕೆ ಇಳಿಸುತ್ತೇನೆ. ಟೈರ್ ಪ್ರೆಶರ್ ಎಷ್ಟಿಡಲಿ?

ಕ್ಯಾತ್ಸಂದ್ರ_ಗ್ಯಾರೇಜ್
ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ. ಖಾಲಿ ಗಾಡಿಗೆ ಬೇರೆ, ಲೋಡ್‌ಗೆ ಬೇರೆ ಬರೆದಿರುತ್ತದೆ. ಬಹಳ ಜನ ಲೋಡ್ ಪ್ರೆಶರನ್ನೇ ಹಿಂದೆ ತುಂಬಿಸಿಕೊಂಡು ಖಾಲಿ ಓಡಿಸುತ್ತಾರೆ, ಟೈರ್ ಮಧ್ಯದ ಪಟ್ಟಿ ಮಾತ್ರ ನೆಲ ಮುಟ್ಟುತ್ತದೆ. ಹಿಂದೆ ಖಾಲಿ ಗಾಡಿಯ ಅಳತೆ ಇಡಿ, ಅದಕ್ಕಿಂತ ಇಳಿಸಬೇಡಿ. ಟೈರ್ ತಣ್ಣಗಿರುವಾಗಲೇ ಚೆಕ್ ಮಾಡಿ.

ಶಿರಾ_ಡೀಸೆಲ್
ಸ್ಟೆಪ್ನಿ ಇದ್ದಾಗ, ಇಲ್ಲದಾಗ ಎರಡೂ ಓಟದ 60 ಅಡಿ ಸಮಯ ಬರೆದಿಟ್ಟುಕೊಂಡು ಬಂದು ಇಲ್ಲಿ ಹಾಕಿ. ಒಟ್ಟು ಸಮಯಕ್ಕಿಂತ ನನಗೆ ಅದು ಬೇಕು.

ವೇಮಗಲ್_ವಿಕ್ರಾಸ್
ಹಾಕುತ್ತೇನೆ. ಗೆರೆ ದಾಟಿದ ವೇಗವನ್ನೂ ಸೇರಿಸಿಯೇ ಹಾಕುತ್ತೇನೆ.